ಭಾವನವರ ಹಸಿರು ಚುಕ್ಕೆ

ನನ್ನ ಬ್ಯಾಂಕಿನ ಆಪ್‌ಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ವಿದ್ಯುತ್ ಬಿಲ್ಲಿನ ಗ್ರಾಹಕ ಸಂಖ್ಯೆಯನ್ನು ಹುಡುಕಲೆಂದು ಫೋನನ್ನು ಮೇಜಿನ ಮೇಲಿಟ್ಟು, ಫ್ರಿಜ್‌ನ ನೆತ್ತಿಯ ಮೇಲಿರುವ ಕಾಗದದ ಕಟ್ಟನ್ನು ಕೆದಕಿ ಮರಳುವಷ್ಟರಲ್ಲಿ ಅದು ನನ್ನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿರುತ್ತದೆ. ನನ್ನದೇ ಹಣವನ್ನು ನೋಡಲು ಮತ್ತೆ ಪಿನ್, ಮತ್ತೆ ಒಟಿಪಿ. ಇಷ್ಟೊಂದು ಶಿಸ್ತಿನ ಅದೇ ಫೋನಿನಲ್ಲಿರುವ ಲೂಡೊ ಆಟ ಮಾತ್ರ ನಮ್ಮ ಭಾವನವರನ್ನು ಎಷ್ಟು ಹೊತ್ತಾದರೂ ಹೊರಗೆ ಹಾಕುವುದಿಲ್ಲ. ಕಳೆದ ಭಾನುವಾರ ರಾತ್ರಿಯೂ ಹಾಕಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

2020ರ ಲಾಕ್‌ಡೌನ್‌ನಲ್ಲಿ ದೇಶದ ಅರ್ಧ ಜನ ಹಿಡಿದ ಲೂಡೊವನ್ನು ನಮ್ಮ ಮನೆತನ ಇನ್ನೂ ಬಿಟ್ಟಿಲ್ಲ. ಭಾನುವಾರ ರಾತ್ರಿ ಎಂಟಕ್ಕೆ ಬೆಂಗಳೂರಿನಿಂದ ನಾನು, ಹಾಸನದಿಂದ ಚಿಕ್ಕಮ್ಮ, ಮೈಸೂರಿನಿಂದ ಭಾವನವರು ಮತ್ತು ನ್ಯೂಜೆರ್ಸಿಯಿಂದ, ಆಗಷ್ಟೇ ಬೆಳಗಿನ ಕಾಫಿ ಮುಗಿಸಿದ ಅಕ್ಕನ ಮಗಳು ಸೇರುತ್ತೇವೆ. ಅಪರಿಚಿತರೊಡನೆ ಆಡಿದರೆ ಈ ಆಪ್ ಬಹಳ ಕಟ್ಟುನಿಟ್ಟು: ಕೆಲವು ಸೆಕೆಂಡುಗಳಲ್ಲಿ ದಾಳ ಹಾಕದಿದ್ದರೆ ತಾನೇ ಹಾಕಿ ಕಾಯಿ ನಡೆಸುತ್ತದೆ, ಸರದಿ ತಪ್ಪಿಸುತ್ತಲೇ ಇದ್ದರೆ ಆಟದಿಂದಲೇ ತೆಗೆಯುತ್ತದೆ. ಆದರೆ ಮನೆಯವರೇ ಆಡುವ ಖಾಸಗಿ ಕೋಣೆಯಲ್ಲಿ, ಹೇಗೂ ನಮ್ಮವರೇ ಅಲ್ಲವೇ ಎಂಬ ಔದಾರ್ಯದಿಂದ ಗಡುವನ್ನೇ ಇಟ್ಟಿಲ್ಲ. ನಮ್ಮವರನ್ನು ಬಲ್ಲ ಯಾರೂ ಇಂಥ ನಿಯಮವನ್ನು ಬರೆಯುತ್ತಿರಲಿಲ್ಲ.

ಭಾವನವರು ಆಟದ ನಡುವೆ ಏಳುವುದಕ್ಕೆ ಕಾರಣಗಳ ಬರವಿಲ್ಲ. ನೀರು ಬಂದಿತು, ಸಂಪು ತುಂಬಿತು, ಮೋಟಾರ್ ಆರಿಸಬೇಕು, ಗೇಟಿನ ಬಳಿ ಯಾರೋ ಬಂದರು. ಏಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅವರು ಎದ್ದದ್ದು ಯಂತ್ರಕ್ಕೆ ತಿಳಿಯುವುದಿಲ್ಲ. ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಉರಿಯುತ್ತಲೇ ಇರುತ್ತದೆ, ಸರದಿ ಅವರದೇ ಆಗಿರುತ್ತದೆ, ದಾಳ ಅವರ ಮನೆಯ ಮುಂದೆ ಕುಣಿಯುತ್ತಿರುತ್ತದೆ. ಉಳಿದ ಮೂವರಲ್ಲಿ ಯಾರಾದರೂ ಬೇಸತ್ತು ಹೊರಟರೆ ಅವರ ಹೆಸರಿಗೆ ಸೋಲು ದಾಖಲಾಗಿ ನಾಣ್ಯಗಳೂ ಕಡಿತವಾಗುತ್ತವೆ. ಹೇಳದೆ ಎದ್ದು ಹೋದವರಿಗೆ ಶಿಕ್ಷೆಯಿಲ್ಲ, ಕಾದು ಕಾದು ಹೊರಟವರಿಗಿದೆ. ನಿಷ್ಕ್ರಿಯ ಆಟಗಾರನನ್ನು ತೆಗೆದುಹಾಕುವ ಅಧಿಕಾರವೊಂದು ಇದೆಯಾದರೂ ಅದನ್ನು ಕೋಣೆ ತೆರೆದವರಿಗೆ ಮಾತ್ರ ಕೊಟ್ಟಿದ್ದಾರೆ, ಮತ್ತು ಕೋಣೆಯನ್ನು ತೆರೆಯುವವರು, ಹಿರಿಯರೆಂಬ ಕಾರಣಕ್ಕೆ, ಭಾವನವರು.

ಕಳೆದ ಭಾನುವಾರ ಇಷ್ಟರ ಮೇಲೆ ಮೈಕ್ ಕೂಡ ತೆರೆದೇ ಇತ್ತು. ಫೋನನ್ನು ಊಟದ ಮೇಜಿನ ಮೇಲಿಟ್ಟು ಅವರು ಅಂಗಳಕ್ಕೆ ನಡೆದದ್ದು ಚಪ್ಪಲಿಯ ಸದ್ದಿನಿಂದಲೇ ನಮಗೆ ತಿಳಿಯಿತು. ಗೇಟಿನ ಬಳಿ ಪಕ್ಕದ ಮನೆಯವರು ನಿಂತಿದ್ದರು. ಮೊದಲು ಬೋರ್‌ವೆಲ್ಲಿನ ವಿಚಾರ, ಅನಂತರ ಯಾರದೋ ಮಗನ ನಿಶ್ಚಿತಾರ್ಥ; ಇವೆಲ್ಲ ಕಿಟಕಿಯಿಂದ ತೇಲಿ ಬಂದು, ಮೇಜಿನ ಮೇಲಿನ ಫೋನನ್ನು ಹೊಕ್ಕು, ಹಾಸನಕ್ಕೂ ನ್ಯೂಜೆರ್ಸಿಗೂ ಸ್ಪಷ್ಟವಾಗಿ ತಲುಪುತ್ತಿದ್ದವು. ಆಮೇಲೆ ಭಾವನವರು ಲೂಡೊದ ಪ್ರಸ್ತಾಪವನ್ನೇ ತೆಗೆದರು. ಮೂರು ಕಾಯಿ ಹಣ್ಣಾಗಿವೆ, ಇನ್ನೊಂದು ಮನೆಯ ಹೊಸ್ತಿಲಲ್ಲೇ ಇದೆ, ಎದುರಿಗೆ ಕೂತವರಿಗೆ ತಾಳ್ಮೆಯೆಂಬುದೇ ಇಲ್ಲ ಎಂದು, ಆ ತಾಳ್ಮೆಯನ್ನೇ ಹಿಡಿದು ಕೂತಿದ್ದ ಮೂವರ ಕಿವಿಗೂ ಬೀಳುವಂತೆ, ಸವಿಸ್ತಾರವಾಗಿ ವಿವರಿಸಿದರು.

ನಾವು ಮೂವರೂ ಒಟ್ಟಿಗೆ "ಭಾವಾ!", "ಅಳಿಯಂದಿರೇ!", "ಅಪ್ಪಾ!" ಎಂದು ಕೂಗಿದೆವು. ಅಡುಗೆಮನೆಯಲ್ಲಿದ್ದ ಅಕ್ಕ ಅದನ್ನು ಟಿವಿಯೆಂದು ತಿಳಿದು ಟಿವಿ ಆರಿಸಿದಳು. ಆಮೇಲೂ ಕೂಗು ನಿಲ್ಲದಿದ್ದಾಗ, "ರೀ, ನಿಮ್ಮ ಫೋನು ಬಡ್ಕೋತಾ ಇದೆ, ಬಂದು ನೋಡಬಾರ್ದಾ?" ಎಂದಳು. ಅಂಗಳದಿಂದ ಉತ್ತರ ಬಂದಿತು: "ಲೂಡೊ ತಾನೇ, ಕಾಯ್ತಾರೆ ಬಿಡು."

ಈ "ಕಾಯ್ತಾರೆ ಬಿಡು" ಎಂಬ ತೀರ್ಪನ್ನು ನಮ್ಮ ಕಿವಿಯಾರೆ ಕೇಳಿಯೂ ನಾವು ಕಾದೆವು. ಅಕ್ಕ ಫೋನನ್ನು ಎತ್ತಿಕೊಂಡಳು, ಆದರೆ ದಾಳ ಹಾಕಲು ಒಪ್ಪಲಿಲ್ಲ. ಹಾಕಿ ಕಾಯಿ ಕಡಿಸಿಕೊಂಡರೆ ವಾರವಿಡೀ ಕೇಳಬೇಕಾದ ಮಾತು ಅವಳಿಗೆ ಗೊತ್ತು. ಬದಲಿಗೆ ನಿಂಬೆಕಾಯಿ ಉಪ್ಪಿನಕಾಯಿಗೆ ಮೆಂತ್ಯವನ್ನು ಹುರಿದು ಹಾಕಬೇಕೋ ಹಸಿಯಾಗಿಯೇ ಹಾಕಬೇಕೋ ಎಂದು ಚಿಕ್ಕಮ್ಮನನ್ನು ಕೇಳಿದಳು. ಭಾವನವರು ಮರಳುವ ಹೊತ್ತಿಗೆ ಉಪ್ಪಿನಕಾಯಿ ಭರಣಿಗೆ ಬಿದ್ದು ಮುಚ್ಚಳವೂ ಹಾಕಿಯಾಗಿತ್ತು. ಬಂದವರೇ ಕುರ್ಚಿ ಎಳೆದು ಕುಳಿತು, "ಯಾರದ್ದು ಸರದಿ? ಬೇಗ ಆಡ್ರಪ್ಪ" ಎಂದರು.

ದೊಡ್ಡ ಆಟಗಳ ಲೋಕ ಈ ಪ್ರಶ್ನೆಯನ್ನು ಎಂದೋ ಎದುರಿಸಿದೆ. ಸಾವಿರಾರು ಜನ ಒಂದೇ ಸರ್ವರ್‌ನಲ್ಲಿ ಆಡುವ ಕಡೆ, ಸುಮ್ಮನೆ ನಿಂತ ಪಾತ್ರವೂ ಒಂದು ಜಾಗವನ್ನು ಹಿಡಿದಿರುತ್ತದೆ. ಒಳಗೆ ಒಬ್ಬ ತೂಕಡಿಸಿದರೆ ಹೊರಗೆ ಒಬ್ಬ ಸಾಲಿನಲ್ಲಿ ನಿಲ್ಲಬೇಕು. ಜಪಾನಿನ ‘ಫೈನಲ್ ಫ್ಯಾಂಟಸಿ 14’ ಆಟದ ಹೊಸ ಭಾಗ 2021ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದಾಗ ಗಂಟೆಗಟ್ಟಲೆ ಸಾಲು ಬೆಳೆದು, ಕಂಪನಿಯವರು ಹೊಸ ಮಾರಾಟವನ್ನೇ ಕೆಲವು ವಾರ ನಿಲ್ಲಿಸಿದ್ದರು. ಮೂವತ್ತು ನಿಮಿಷ ಕೈಯಾಡಿಸದವರನ್ನು ಹೊರಗೆ ಹಾಕುವ ನಿಯಮ ಅಲ್ಲಿ ಇದ್ದೇ ಇತ್ತು. ಆದರೆ ನಿಯಮವಿದ್ದಲ್ಲಿ ಉಪಾಯವೂ ಇರುತ್ತದೆ. ಇಂಥ ಆಟಗಳ ಭಕ್ತರು ಕೀಲಿಯೊಂದರ ಮೇಲೆ ಭಾರವಿಟ್ಟು, ಪಾತ್ರ ಗೋಡೆಗೆ ಮುಖ ಹಚ್ಚಿ ನಡೆಯುತ್ತಲೇ ಇರುವಂತೆ ಮಾಡಿ, ತಾವು ಮಲಗಲು ಹೋಗುತ್ತಾರೆ. ಈ ವಿದ್ಯೆ ಭಾವನವರಿಗೆ ಯಾರೂ ಹೇಳಿಕೊಡದಿರಲಿ.

ಎದುರಾಳಿಯ ತಾಳ್ಮೆಯನ್ನು ತಿನ್ನುವ ಈ ಕಲೆಯಾದರೋ ಇಂಟರ್‌ನೆಟ್ಟಿಗಿಂತ ಬಹಳ ಹಳೆಯದು. 1851ರ ಲಂಡನ್ ಚದುರಂಗ ಪಂದ್ಯಾವಳಿಯಲ್ಲಿ ಗಡಿಯಾರವೇ ಇರಲಿಲ್ಲ. ಇಲೈಜಾ ವಿಲಿಯಮ್ಸ್ ಎಂಬಾತ ಒಂದೊಂದು ನಡೆಗೂ ಯುಗ ಕಳೆಯುತ್ತಿದ್ದನೆಂದು ದೂರುಗಳೆದ್ದವು. ಮೂರನೆಯ ಸ್ಥಾನಕ್ಕಾಗಿ ಅವನೊಡನೆ ಆಡಿ ಸೋತ, ಪಂದ್ಯಾವಳಿಯ ಸಂಘಟಕನೂ ಆಗಿದ್ದ ಹೊವಾರ್ಡ್ ಸ್ಟಾಂಟನ್‌ನ ಗೊಣಗಾಟ ಇಂದಿಗೂ ಚದುರಂಗದ ಚರಿತ್ರೆಯಲ್ಲಿ ಉಳಿದಿದೆ. ನನಗೆ ಆತನ ಮೇಲೆ ಸೋದರಭಾವ. 1861ರಲ್ಲಿ ಮರಳಿನ ಗಡಿಯಾರ ಬಂದಿತು, 1883ರಲ್ಲಿ ಜೋಡಿ ಗಡಿಯಾರ. ಆಟಗಾರನನ್ನು ಯಾರೂ ಕುರ್ಚಿಯಿಂದ ಎಬ್ಬಿಸಬೇಕಾಗಿಲ್ಲ, ಅವನ ಕಾಲ ಓಡಿದರೆ ಸಾಕು ಎಂದು ಚದುರಂಗದವರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ನಮ್ಮ ಮೈಸೂರು ಸೀಮೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟಗಳನ್ನೇ ರಚಿಸಿದ ಅರಸರು. ಅವರೆದುರು ಕುಳಿತವರು ಮೋಟಾರ್ ಆರಿಸಲು ಎದ್ದು ಹೋಗುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಪ್ರಜೆಗಳ ಜಗುಲಿಯ ಮೇಲಿನ ಚೌಕಾಬಾರದಲ್ಲಿ ಮಾತ್ರ ಏಳುವುದು ನಿತ್ಯದ ಮಾತಾಗಿತ್ತು. ಅಜ್ಜಿಗೆ ಹಾಲು ಉಕ್ಕುವ ವಾಸನೆ ಬಂದರೆ "ನನ್ನ ಕವಡೆ ನೀನು ಹಾಕು" ಎಂದು ಪಕ್ಕದಲ್ಲಿದ್ದ ಮಗುವಿನ ಕೈಗೆ ಕೊಟ್ಟು ಒಳಗೆ ಹೋಗುತ್ತಿದ್ದರು. ಆ ಮಗು ಬಹುಪಾಲು ನಾನೇ. ಸ್ವಂತಕ್ಕೆ ಬೀಳದ ಚೌಕ, ಬಾರಗಳು ಅಜ್ಜಿಯ ಪರವಾಗಿ ಹಾಕುವಾಗ ಧಾರಾಳವಾಗಿ ಬೀಳುತ್ತಿದ್ದವು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮರಳಿ ಬಂದು, ತಮ್ಮ ಹುಣಸೆಬೀಜ ಎರಡು ಮನೆ ಮುಂದೆ ಹೋಗಿರುವುದನ್ನು ನೋಡಿ ಏನೂ ಹೇಳದೆ ನನ್ನ ತಲೆಯ ಮೇಲೊಮ್ಮೆ ಕೈಯಿಡುತ್ತಿದ್ದರು. ಆಡದೆಯೇ ಕಂಬಕ್ಕೊರಗಿ ಕೂತು ಎಲ್ಲರಿಗೂ ಸಲಹೆ ಕೊಡುವವರೂ ಇದ್ದರು. ಅವರನ್ನು ಜಗುಲಿಯಿಂದ ಇಳಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಹಾಗೆಂದು ನನ್ನ ಸಿಟ್ಟು ಕರಗಿತೆಂದು ಭಾವಿಸಬಾರದು. ಆದರೆ ನಿಷ್ಕ್ರಿಯರನ್ನು ತಾನಾಗಿಯೇ ಹೊರಗೆ ಹಾಕುವ ಆಪ್‌ಗೆ ನಾವೆಲ್ಲ ಬದಲಾಗೋಣವೆಂದು ಸೋಮವಾರ ಗುಂಪಿನಲ್ಲಿ ಬರೆದಾಗ ಮೊದಲು ವಿರೋಧಿಸಿದವಳು, ಎಲ್ಲರಿಗಿಂತ ಹೆಚ್ಚು ನಾಣ್ಯ ಕಳೆದುಕೊಂಡಿರುವ ಅಕ್ಕನ ಮಗಳು. "ಅಪ್ಪ ಎದ್ದು ಹೋದ ಮೇಲೆಯೇ ನನಗೆ ಮನೆಯ ಸದ್ದು ಕೇಳಿಸುವುದು, ಮಾವ" ಎಂದಳು. ಫೋನ್ ಮಾಡಿದರೆ ಎಲ್ಲರೂ ಅವಳೊಡನೆ ಮಾತಾಡುತ್ತಾರಂತೆ. ಕುಕ್ಕರಿನ ಸೀಟಿ, ಅಂಗಳದ ಹರಟೆ, ಅಮ್ಮ ಪಾತ್ರೆಗಳೊಡನೆ ಆಡುವ ಜಗಳ ಕೇಳಿಸುವುದು ಲೂಡೊದಲ್ಲಿ ಮಾತ್ರವಂತೆ. ಇದಕ್ಕೆ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ಬೇಡಿಕೆಯನ್ನು ತಿದ್ದಿದೆ. ಒಂದು ನಿಮಿಷ ದಾಟಿದರೆ ಸರದಿ ಮುಂದಿನವರಿಗೆ ಹೋಗಬೇಕು, ಪದೇ ಪದೇ ಹೀಗಾದರೆ ಕೋಣೆಯ ಯಜಮಾನಿಕೆಯೂ ಕೈತಪ್ಪಬೇಕು. ಆದರೆ ಹಸಿರು ಚುಕ್ಕೆಯನ್ನೂ ಮೈಕನ್ನೂ ಮುಟ್ಟಬಾರದು. ಇದನ್ನು ಆಪ್‌ನವರ ಸಹಾಯವಾಣಿಯ ಚಾಟ್‌ನಲ್ಲಿ, ಒತ್ತಕ್ಷರಗಳನ್ನು ಹುಡುಕಿ ಹುಡುಕಿ, ಅಚ್ಚುಕಟ್ಟಾದ ಕನ್ನಡದಲ್ಲಿ ಟೈಪು ಮಾಡುತ್ತಿರುವಾಗಲೇ, ಬಹಳ ಹೊತ್ತಿನಿಂದ ನನ್ನಿಂದ ಉತ್ತರವಿಲ್ಲವಾದ್ದರಿಂದ ಸಂಭಾಷಣೆಯನ್ನು ಮುಗಿಸಲಾಗಿದೆ ಎಂಬ ಸಂದೇಶ ಬಂದಿತು.

ಕಡೆಗೆ ವ್ಯವಹಾರ ಮನೆಯೊಳಗೇ ತೀರ್ಮಾನವಾಯಿತು. ಇನ್ನು ಮುಂದೆ ಕೋಣೆಯನ್ನು ಚಿಕ್ಕಮ್ಮ ತೆರೆಯತಕ್ಕದ್ದು. ಭಾವನವರು ಎದ್ದಾಗ ಅವರ ದಾಳವನ್ನು ಅಕ್ಕ ಹಾಕತಕ್ಕದ್ದು. ಕಾಯಿ ಕಡಿದುಹೋದರೆ ಅವಳನ್ನು ಯಾರೂ ದೂರತಕ್ಕದ್ದಲ್ಲ. ನೀರು ಬಂದ ದಿನಗಳಿಗೆ ವಿನಾಯಿತಿ ಬೇಕೆಂದು ಭಾವನವರು ಪಟ್ಟು ಹಿಡಿದು ಪಡೆದರು. ಚಿಕ್ಕಮ್ಮ ತಮ್ಮ ಹೊಸ ಅಧಿಕಾರವನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಆಟಗಾರರನ್ನು ತೆಗೆದುಹಾಕುವ ಬಟನ್ ಎಲ್ಲಿದೆಯೆಂದು ನಿನ್ನೆ ರಾತ್ರಿ ನನ್ನಿಂದಲೇ ಫೋನಿನಲ್ಲಿ ಕೇಳಿ ತಿಳಿದುಕೊಂಡು, ಅಭ್ಯಾಸಕ್ಕಿರಲೆಂದು ಮೊದಲು ನನ್ನನ್ನೇ ತೆಗೆದುಹಾಕಿದರು. ಮರಳಿ ಸೇರಿಸುವ ಬಟನ್ ಅವರಿಗೆ ಇನ್ನೂ ಸಿಕ್ಕಿಲ್ಲ.