ತಲಪಾಡಿಯ ಆಚೆ ಈಚೆ ಒಂದು ಸೊಂಟ ನೋವು

ಕಾಸರಗೋಡಿನ ನಮ್ಮ ಮನೆಗಳಲ್ಲಿ ಅರುವತ್ತು ದಾಟಿದ ಹೆಂಗಸಿಗೆ ಸೊಂಟ ನೋವು ಬಂದರೆ ಎರಡು ದಾರಿ. ದುಡ್ಡಿದ್ದು, ಜೊತೆಗೆ ಹೋಗಲು ಜನವೂ ಇದ್ದರೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರು: ಎಕ್ಸ್‌ರೇ, ಸ್ಕ್ಯಾನ್, ಒಂದು ಚೀಲ ಮಾತ್ರೆ. ಇಲ್ಲದಿದ್ದರೆ ಊರಲ್ಲೇ ಎಣ್ಣೆ, ಕಿಳಿ (ಮದ್ದಿನ ಗಂಟಿನ ಶಾಖ), ಉಳಿಚ್ಚಿಲ್ (ಎಣ್ಣೆ ಹಚ್ಚಿ ತಿಕ್ಕುವುದು). ಎರಡರಲ್ಲೂ ಒಳ್ಳೆಯದಿದೆ. ಆದರೆ ಆಕೆ ದಿನಕ್ಕೆ ಎಷ್ಟು ಸಲ ಬಾಗುತ್ತಾಳೆ, ಹೇಗೆ ಬಾಗುತ್ತಾಳೆ ಎಂದು ಅಲ್ಲಿಯೂ ಕೇಳುವುದಿಲ್ಲ, ಇಲ್ಲಿಯೂ ಕೇಳುವುದಿಲ್ಲ. ಎಲುಬು ಟೊಳ್ಳಾದವರ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನನ್ನ ಅನಿಸಿಕೆ.

ಮೊದಲು ಹೆಸರಿನ ಗೊಂದಲ ಬಿಡಿಸಬೇಕು. 'ಮೂಳೆ ಸವೆತ' ಎಂದು ನಾವು ಎರಡು ಬೇರೆ ಕಾಯಿಲೆಗಳಿಗೆ ಹೇಳುತ್ತೇವೆ. ಗಂಟು ಸವೆಯುವುದು ಒಂದು. ಎಲುಬಿನ ಒಳಗಿನ ಜೇನುಗೂಡು ತೆಳುವಾಗಿ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇನ್ನೊಂದು. ಎರಡನೆಯದು ತಾನಾಗಿ ನೋಯುವುದಿಲ್ಲ; ಬೆನ್ನೆಲುಬಿನ ಮಣಿ ಕುಸಿದಾಗಲೇ ಹಲವರಿಗೆ ಗೊತ್ತಾಗುವುದು. ಬರೀ ಎಕ್ಸ್‌ರೇಯಲ್ಲಿ ಎಲುಬು ತೆಳುವಾಗಿ ಕಾಣಬೇಕಾದರೆ ಸುಮಾರು ಮೂರರಲ್ಲಿ ಒಂದು ಪಾಲು ಕರಗಿರಬೇಕು. ಅದಕ್ಕೇ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್. ಅದರ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಕಾಯಿಲೆ ಎಂದೇ ಲೆಕ್ಕ. ಸಣ್ಣ ಕಾರಣಕ್ಕೆ ಮಣಿ ಕುಸಿದಿದ್ದರೆ ಸ್ಕೋರ್ ಎಷ್ಟೇ ಇರಲಿ, ಮದ್ದು ಬೇಕು. ಉಬ್ಬಸಕ್ಕೋ ಗಂಟು ನೋವಿಗೋ ಮೂರು ತಿಂಗಳಿಗಿಂತ ಹೆಚ್ಚು ಸ್ಟಿರಾಯ್ಡ್ ಮಾತ್ರೆ ತಿಂದವರಂತೂ ನೋವಿಗೆ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಉಳಿಚ್ಚಿಲ್ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಬಿಗಿದ ಸ್ನಾಯುವಿಗೆ ಬೆಚ್ಚಗಿನ ಎಣ್ಣೆ, ಹದವಾದ ಕೈ ಹಿತವೇ. ಆದರೆ ಕಳರಿ ಯುದ್ಧಕಲೆಯ ಹುಡುಗರ ಮೈಗೆಂದು ಬೆಳೆದ, ಕಾಲಲ್ಲಿ ತುಳಿಯುವ ಚವಿಟ್ಟಿ ಉಳಿಚ್ಚಿಲ್ ಅನ್ನು ಟೊಳ್ಳು ಬೆನ್ನಿನ ಮೇಲೆ ಮಾಡಲೇಬಾರದು. ಸೊಂಟ ತಿರುಚಿ 'ಟಕ್' ಅನ್ನಿಸುವುದನ್ನೂ ಮಾಡಬಾರದು. ಕೊಡಪಾನ ಎತ್ತಿದಾಗ, ಬಸ್ಸು ಗುಂಡಿಗೆ ಬಿದ್ದಾಗ, ಕೆಮ್ಮಿದಾಗ ತಟ್ಟನೆ ಹಿಡಿದ ನೋವು, ನಿಂತರೆ ಹೆಚ್ಚಿ ಮಲಗಿದರೆ ಇಳಿಯುವ ನೋವು, ಬೆನ್ನಿನ ನಡುಗೆರೆಯಲ್ಲಿ ಒಂದೇ ಜಾಗ ತಟ್ಟಿದರೆ ಜೀವ ಹೋಗುವ ನೋವು ಇದ್ದರೆ ಎಕ್ಸ್‌ರೇ ಆಗುವವರೆಗೆ ಎಣ್ಣೆಯ ಬಾಟಲಿ ಮುಚ್ಚಿಡಿ. ಕಾಲಿನ ಬಲ ಹೋದರೆ, ಕೂರುವ ಜಾಗ ಜುಮ್ಮೆಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದೇ ದಿನ ಆಸ್ಪತ್ರೆ.

ಮಣಿ ಕುಸಿದ ಮೊದಲ ಕೆಲವು ದಿನ ಮಲಗಬಹುದು. ಆದರೆ ನಮ್ಮಲ್ಲಿ ಪ್ರೀತಿಯಿಂದಲೇ 'ನೀವು ಏಳ್ಬೇಡಿ ಅಮ್ಮ' ಎಂದು ತಿಂಗಳುಗಟ್ಟಲೆ ಮಲಗಿಸುತ್ತಾರೆ. ಮಲಗಿದಷ್ಟು ದಿನ ಎಲುಬು ಮತ್ತೂ ಕರಗುತ್ತದೆ, ತೊಡೆಯ ಬಲವೂ ಹೋಗುತ್ತದೆ. ಏಳುವ ಕ್ರಮ ಕಲಿಸಬೇಕು, ಅಷ್ಟೇ. ಎರಡೂ ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೆ ಮರದ ದಿಮ್ಮಿಯ ಹಾಗೆ ಪಕ್ಕಕ್ಕೆ ಹೊರಳಬೇಕು. ಕಾಲು ಮಂಚದಿಂದ ಕೆಳಗಿಳಿಯುತ್ತಿರುವಾಗಲೇ ಮೇಲಿನ ಕೈಯನ್ನು ಹಾಸಿಗೆಗೆ ಊರಿ, ಕೆಳಗಿನ ಮೊಣಕೈಯಿಂದ ಮೈ ಎತ್ತಬೇಕು. ಅಂಚಿನಲ್ಲಿ ಒಂದು ನಿಮಿಷ ಕೂತು, ತಲೆ ತಿರುಗದಿದ್ದರೆ ನಿಲ್ಲಬೇಕು. ಮಲಗಿದಲ್ಲಿಂದ ನೆಟ್ಟಗೆ ಎದ್ದು ಕೂರುವುದು, ಇನ್ನೊಬ್ಬರು ಕೈ ಹಿಡಿದು ಎಳೆಯುವುದು, ಎರಡೂ ಕುಸಿದ ಮಣಿಯನ್ನೇ ಹಿಂಡುತ್ತವೆ.

ಇನ್ನು ಬಾಗುವ ಮಾತು. ಮುಂದಕ್ಕೆ ಬಾಗಿದಾಗ ಭಾರವೆಲ್ಲ ಮಣಿಯ ಮುಂದಿನ ಅಂಚಿಗೆ ಬೀಳುತ್ತದೆ. ಅಲ್ಲೇ ಅದು ಬೆಣೆಯ ಹಾಗೆ ಕುಸಿಯುವುದು. 1984ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಪ್ರಕಟಿಸಿದ ಅಧ್ಯಯನದಲ್ಲಿ ಬೆನ್ನೆಲುಬು ಟೊಳ್ಳಾದ 59 ಹೆಂಗಸರಿದ್ದರು. ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇಕಡಾ 89 ಮಂದಿಗೆ ಮಣಿ ಮತ್ತೆ ಕುಸಿಯಿತು; ಬೆನ್ನನ್ನು ಹಿಂದಕ್ಕೆ ಚಾಚಿದವರಲ್ಲಿ ಶೇಕಡಾ 16. ಗುಂಪು ಸಣ್ಣದು, ಆದರೂ ಅಂತರ ಇಷ್ಟಿರುವಾಗ ಯೋಗ ಶಿಬಿರದಲ್ಲಿ ಎಲ್ಲರ ಜೊತೆ ಇವರಿಂದಲೂ ಹಲಾಸನ, ಪಶ್ಚಿಮೋತ್ತಾನಾಸನ ಮಾಡಿಸುವುದು ತಪ್ಪು. ನೋವು ಇಳಿದ ಮೇಲೆ ಕವುಚಿ ಮಲಗಿ ಎದೆಯನ್ನು ನಾಲ್ಕು ಬೆರಳಿನಷ್ಟು ಎತ್ತಿ ಐದು ಎಣಿಸುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಸಾಕು.

ಆದರೆ ವ್ಯಾಯಾಮ ದಿನಕ್ಕೆ ಹದಿನೈದು ನಿಮಿಷ, ಅಂಗಳ ಗುಡಿಸುವುದು ಮುಕ್ಕಾಲು ಗಂಟೆ. ಮೊಳದುದ್ದದ ಹಿಡಿಸೂಡಿ ಹಿಡಿದರೆ ಸೊಂಟ ಮಡಚಲೇಬೇಕು. ಅದೇ ಹಿಡಿಸೂಡಿಯನ್ನು ಎದೆಮಟ್ಟದ ಕೋಲಿಗೆ ಬಿಗಿದರೆ ನೆಟ್ಟಗೆ ನಿಂತೇ ಗುಡಿಸಬಹುದು. ತೋಟದಲ್ಲಿ ಅಡಿಕೆ ಹೆಕ್ಕುವಾಗ ಒಂದೊಂದಕ್ಕೂ ಬಾಗುವ ಬದಲು ಕೋಲಿನಿಂದ ರಾಶಿ ಮಾಡಿ, ಗಿಡ್ಡ ಸ್ಟೂಲಿನಲ್ಲಿ ಕೂತು ತುಂಬಬಹುದು. ತುಂಬಿದ ಬುಟ್ಟಿಯನ್ನು ಬೇರೆಯವರು ಎತ್ತಲಿ. ನೆಲದಲ್ಲಿ ಕೂತು ಹೆಚ್ಚುವ ಮೆಟ್ಟುಕತ್ತಿಯ ಬದಲು ಸೊಂಟದೆತ್ತರದ ಮೇಜಿನ ಮೇಲೆ ಚೂರಿ. ಇದನ್ನು ಚೀಟಿಯಲ್ಲಿ ಬರೆದುಕೊಡುವ ಡಾಕ್ಟರು ಎರಡೂ ಕಡೆ ಅಪರೂಪ. ಮಳೆಗಾಲದಲ್ಲಿ ಪಾಚಿ ಹಿಡಿದ ಕೆಂಪುಕಲ್ಲಿನ ಮೆಟ್ಟಿಲಂತೂ ತೊಡೆಸಂದಿಯ ಎಲುಬಿಗೆ ಶತ್ರು: ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಬದಿಗೆ ಹಿಡಿಯಲು ಅಡಿಕೆ ಮರದ ಸಲಾಕೆ ಕಟ್ಟಿ.

ಮಾತ್ರೆ ತಿನ್ನುವ ಕ್ರಮ ಹೆಚ್ಚು ತಪ್ಪುವುದು ಎಲುಬು ಕರಗುವುದನ್ನು ತಡೆಯುವ ಅಲೆಂಡ್ರೊನೇಟಿನಲ್ಲಿ. ವಾರಕ್ಕೆ ಒಂದು, 70 ಮಿಲಿಗ್ರಾಂ. ಪೆಟ್ಟಿಗೆಯೊಳಗಿನ ಚೀಟಿ ಇಂಗ್ಲಿಷಿನಲ್ಲಿ, ಊರಿನ ಮೆಡಿಕಲಿನಲ್ಲಿ ಹೇಳುವುದು ಮಲಯಾಳದಲ್ಲಿ. ನಮ್ಮ ಅಜ್ಜಿಗೆ ತಲುಪುವುದು 'ಬೆಳಿಗ್ಗೆ ಒಂದು' ಎಂಬ ಎರಡೇ ಶಬ್ದ. ಕೂಡಲೇ ಚಾ ಕುಡಿಯುತ್ತಾರೆ, ಮತ್ತೆ ಮಲಗುತ್ತಾರೆ. ಖಾಲಿ ಹೊಟ್ಟೆಯಲ್ಲಿ ತಿಂದರೂ ಈ ಮದ್ದು ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಚಾ, ಹಾಲು, ಕಷಾಯ, ಕ್ಯಾಲ್ಸಿಯಂ ಜೊತೆಗಾದರೆ ಅದೂ ಬಹುಪಾಲು ಇಲ್ಲ. ಮಲಗಿದರೆ ಅನ್ನನಾಳ ಸುಟ್ಟು ಹುಣ್ಣಾಗಬಹುದು. ಆದಿತ್ಯವಾರ ಎಂದು ದಿನ ಗೊತ್ತುಮಾಡಿ, ಎದ್ದ ಕೂಡಲೇ ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿಸಿ, ಅರ್ಧ ಗಂಟೆ ನೆಟ್ಟಗೆ ಕೂರಿಸಿ ಅಥವಾ ನಡೆಸಿ. ವಿಟಮಿನ್ ಡಿಯ 60,000 ಯೂನಿಟ್ ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದು ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಂಕು, ಕಿಡ್ನಿಗೆ ಹಾನಿ ಆಗಬಹುದು.

ಊಟದಲ್ಲಿ ಮೈಸೂರು ಸೀಮೆಯವರಿಂದ ನಾವು ಕಲಿಯುವುದಿದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ. ನಮ್ಮ ಕುಚ್ಚಲಕ್ಕಿಯಲ್ಲಿ ಹತ್ತರ ಆಸುಪಾಸು. ಇಲ್ಲಿ ಮುತ್ತಾರಿ ಎಂದು ಸಿಗುವುದೂ ಅದೇ ರಾಗಿ. ಮಗುವಿಗೆ ಕಾಯಿಸುವಾಗ ಅಜ್ಜಿಗೂ ಒಂದು ಬಟ್ಟಲು ಇರಲಿ. ಮೀನು ತಿನ್ನುವವರಿಗೆ ಮುಳ್ಳು ಸಮೇತ ಬೇಯಿಸಿದ ಸಣ್ಣ ಬೂತಾಯಿ ಮೀನು, ತಿನ್ನದವರಿಗೆ ಎಳ್ಳು, ನುಗ್ಗೆ ಸೊಪ್ಪು. ನೀರು ಮಜ್ಜಿಗೆಯನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬೇಡಿ: ಒಂದು ಪಾಲು ಮೊಸರಿಗೆ ಮೂರು ಪಾಲು ನೀರಾದರೆ ಕ್ಯಾಲ್ಸಿಯಂ ಕಾಲುಭಾಗ. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಬೇಕು.

ಕೇರಳದಲ್ಲಿ ನಮಗೆ ಸಿಕ್ಕ ದೊಡ್ಡ ಭಾಗ್ಯ ಮನೆಗೆ ಬರುವ ಪಂಚಾಯತಿನ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆಯ) ನರ್ಸ್ ಮತ್ತು ಪ್ರತಿ ವಾರ್ಡಿನ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಕೂಟ. ಹಾಸಿಗೆ ಹಿಡಿದ ಮೇಲಷ್ಟೇ ನಾವು ನರ್ಸನ್ನು ನೆನೆಯುತ್ತೇವೆ. ಕೂಟದಲ್ಲೇ ವರ್ಷಕ್ಕೊಮ್ಮೆ ಹೆಂಗಸರ ಎತ್ತರ ಅಳೆದು ಬರೆಯಬಹುದಲ್ಲ? ಹಿಂದಿನ ಅಳತೆಗಿಂತ 2 ಸೆಂಟಿಮೀಟರ್ ಕಡಿಮೆಯಾದರೆ, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ ಮಣಿ ಕುಸಿದಿರುವ ಸಂಶಯ. ಇದಕ್ಕೆ ಮಂಗಳೂರು ಬೇಡ, ಒಂದು ಟೇಪು ಸಾಕು.

ಮಂಗಳೂರನ್ನೇ ನಂಬಿದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಎಲುಬು ಕರಗುವುದನ್ನು ತಡೆಯುವ ಡೆನೊಸುಮ್ಯಾಬ್ ಇಂಜೆಕ್ಷನ್ ಆರು ತಿಂಗಳಿಗೊಮ್ಮೆ. ತಡವಾದರೆ ಎಲುಬು ಮೊದಲಿಗಿಂತ ವೇಗದಲ್ಲಿ ಕರಗಿ ಒಟ್ಟಿಗೆ ಎರಡು ಮೂರು ಮಣಿ ಕುಸಿಯಬಹುದು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ದಾರಿ ಮುಚ್ಚಿದ್ದು ನಮಗೆ ಮರೆತಿಲ್ಲ. ಮೊದಲ ಇಂಜೆಕ್ಷನ್ ತೆಗೆದುಕೊಳ್ಳುವಾಗಲೇ ಕಾಸರಗೋಡಿನಲ್ಲಿ ಇದನ್ನು ಯಾರು ಕೊಡುತ್ತಾರೆ, ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಯಾರು ಇಡುತ್ತಾರೆ ಎಂದು ವಿಚಾರಿಸಿ, ಮುಂದಿನ ತಾರೀಕನ್ನು ಅಡಿಗೆ ಮನೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿ ಬರೆದಿಡಿ. ಐದನೇ ತಿಂಗಳಿಗೇ ಫೋನ್ ಮಾಡಿ ಮದ್ದು ತರಿಸಲು ಹೇಳಿ.