ಎಣ್ಣೆ ಹಚ್ಚಬೇಕಾದ್ದು ತಲೆ ತೊಳೆಯುವ ಮುಂಚೆ

ಕೂದಲು ತುಂಡಾಗದಿರಲು ತಲೆ ತೊಳೆದ ಮೇಲೆ ಎಣ್ಣೆ ಹಚ್ಚಿ ಎಂದು ಬರೆದಿದ್ದೀರಿ. ನನ್ನ ಪ್ರಕಾರ ಮುಂಚೆ ಹಚ್ಚಿದರೇ ಉಪಯೋಗ ಜಾಸ್ತಿ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲ ಎಂಬ ಕೊಬ್ಬಿನಂಶ ಕೂದಲಿನ ಒಳಗೆ ಇಳಿಯುತ್ತದೆ. ಆಗ ಕೂದಲು ನೀರು ಹೀರಿ ಉಬ್ಬುವುದು ಕಮ್ಮಿ, ಪ್ರೋಟೀನ್ ಕಳೆದುಕೊಳ್ಳುವುದೂ ಕಮ್ಮಿ. ಸೂರ್ಯಕಾಂತಿ ಎಣ್ಣೆಗೆ ಈ ಗುಣ ಇಲ್ಲ. ಹಾಗಂತ ಬಾಟಲಿಗಟ್ಟಲೆ ಸುರಿಯಬೇಡಿ. ಜಿಡ್ಡು ಹೋಗಲಿ ಎಂದು ಸೀಗೆಪುಡಿ ಹಾಕಿ ಗಸಗಸ ಉಜ್ಜಿದರೆ ಮಾಡಿದ್ದೆಲ್ಲ ಹಾಳು, ಅಲ್ವಾ?

ಒದ್ದೆ ಕೂದಲಿನ ವಿಷಯ ನೀವು ಬಿಟ್ಟೇಬಿಟ್ಟಿದ್ದೀರಿ. ನೆನೆದಾಗ ಅದಕ್ಕೆ ಬಲ ಕಮ್ಮಿ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಟವೆಲ್ಲಿನಿಂದ ಪಟಪಟ ಬಡಿಯುವುದು ಬೇಡ. ಅಗಲ ಹಲ್ಲಿನ ಬಾಚಣಿಗೆ ಹಿಡಿದು, ತುದಿಯಿಂದ ಶುರು ಮಾಡಿ ಸಿಕ್ಕು ಬಿಡಿಸುತ್ತಾ ಮೇಲೆ ಹೋಗಿ. ಸೀಳಿದ ತುದಿಯನ್ನಂತೂ ಯಾವ ಎಣ್ಣೆಯೂ ಜೋಡಿಸುವುದಿಲ್ಲ, ಅದಕ್ಕೆ ಕತ್ತರಿಯೇ ಗತಿ.