ಆರನೇ ಕ್ಲಾಸು ಖಾಲಿ ಇದೆ

ಮಗಳನ್ನು ಆರನೇ ಕ್ಲಾಸಿಗೆ ಸೇರಿಸೋಣ ಅಂತ ಶಾಲೆಗೆ ಹೋಗಿದ್ದೆ. ಹಾಗೆ ಅಂದದ್ದೇ ತಪ್ಪಾಯಿತು.

"ಯಾವ ಆರನೇ ಕ್ಲಾಸು ಸರ್?" ಅಂದರು ಕೌಂಟರಿನಾಚೆಯ ಮೇಡಂ, ದೋಸೆ ಕೇಳಿದವನನ್ನು ಮಾಣಿ ಕೇಳುವ ಹಾಗೆ. ಐಐಟಿ ಪ್ರವೇಶ ಪರೀಕ್ಷೆಗೆ ಈಗಿನಿಂದಲೇ ತಯಾರು ಮಾಡುವ ಫೌಂಡೇಶನ್ ಇದೆ, ಅಡ್ವಾನ್ಸ್ಡ್ ಫೌಂಡೇಶನ್ ಇದೆ, ಅದರ ಮೇಲೆ ಒಲಿಂಪಿಯಾಡ್ ಬ್ಯಾಚ್ ಇದೆ. ಆಮೇಲೆ ದನಿ ತಗ್ಗಿಸಿ, "ರೆಗ್ಯುಲರ್ ಕೂಡ ಇದೆ" ಅಂದರು.

"ರೆಗ್ಯುಲರ್‌ನಲ್ಲಿ ಏನು ಹೇಳಿಕೊಡ್ತೀರಿ?"

"ಬರೀ ಆರನೇ ಕ್ಲಾಸಿನ ಪಾಠ ಸರ್."

ಆ 'ಬರೀ'ಯಲ್ಲಿ ಎಷ್ಟು ಕನಿಕರವಿತ್ತೆಂದರೆ, ನನ್ನ ಹಿಂದೆ ಸರತಿಯಲ್ಲಿದ್ದ ಮೂವರು ಅಪ್ಪಂದಿರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಅಡ್ವಾನ್ಸ್ಡ್ ಫೌಂಡೇಶನ್ನಿಗೆ ಸಹಿ ಹಾಕಿದೆ. ಹೆಚ್ಚುವರಿ ಕಟ್ಟಿದ್ದು 45,000. ರಸೀದಿಯಲ್ಲಿ 'ಆ್ಯಕ್ಟಿವಿಟಿ ಫೀ' ಎಂದಿತ್ತು. ಹೊರಗಿನ ಕೋಚಿಂಗಿಗಾದರೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಆ್ಯಕ್ಟಿವಿಟಿಗೆ ಬೀಳುವುದಿಲ್ಲ ನೋಡಿ. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ರಿಯಾಯಿತಿ ಅದೊಂದೇ.

ಈ ಫೌಂಡೇಶನ್ ಎಂಬ ಮಾತಿನ ಬಗ್ಗೆ ನನಗೊಂದು ತಕರಾರಿದೆ. ನಾವು ಮನೆ ಕಟ್ಟಿಸುವಾಗ ಮೇಸ್ತ್ರಿ ಪಾಯ ತೆಗೆದ, ಕಲ್ಲು ಕಟ್ಟಿದ, ಬೆಲ್ಟ್ ಹಾಕಿದ, ಆಮೇಲೆ ಗೋಡೆ ಎಬ್ಬಿಸಿದ. ಇಲ್ಲಿ ಆರರಲ್ಲೂ ಪಾಯ, ಏಳರಲ್ಲೂ ಪಾಯ, ಎಂಟು, ಒಂಬತ್ತು, ಹತ್ತರಲ್ಲೂ ಪಾಯ. ಐದು ವರ್ಷ ಅಗೆದರೆ ಅದನ್ನು ಪಾಯ ಅನ್ನುವುದಿಲ್ಲ, ಬಾವಿ ಅನ್ನುತ್ತಾರೆ.

ಹಾಗಂತ ಸರ್ಕಾರ ಸುಮ್ಮನೆ ಕೂತಿಲ್ಲ. ಹದಿನಾರು ತುಂಬದ ಮಕ್ಕಳನ್ನು ಕೋಚಿಂಗ್ ಸೆಂಟರುಗಳು ಸೇರಿಸಿಕೊಳ್ಳಬಾರದು, ರ‍್ಯಾಂಕಿನ ಭರವಸೆ ಕೊಡಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ನಮ್ಮವರು ಅದಕ್ಕೆ ಅಕ್ಷರಶಃ ತಲೆಬಾಗಿದರು. ಮಗು ಕೋಚಿಂಗಿಗೆ ಹೋಗುವಂತಿಲ್ಲ ತಾನೇ? ಕೋಚಿಂಗೇ ಶಾಲೆಗೆ ಬಂತು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಂದು ಗಂಟೆ, ಸಂಜೆ ಗಂಟೆ ಹೊಡೆದ ಮೇಲೆ ಒಂದೂವರೆ ಗಂಟೆ. ದೊಡ್ಡವರಾದ ಮೇಲೆ ಇದೇ ಆಟ ಉಲ್ಟಾ ನಡೆಯುತ್ತದೆ. ಹುಡುಗನ ಹೆಸರು ಶಾಲೆಯಲ್ಲಿ, ಹುಡುಗ ಕೋಚಿಂಗಿನಲ್ಲಿ. ಹೀಗೆ ಹಾಜರಿ ಪುಸ್ತಕಕ್ಕೆ ಮಾತ್ರ ಪಾಠ ಮಾಡುವ 'ಡಮ್ಮಿ' ಶಾಲೆಗಳನ್ನು ಹುಡುಕಿಕೊಂಡು ಹೋದ ಸಿಬಿಎಸ್‌ಇ 2024ರಲ್ಲಿ 21 ಶಾಲೆಗಳ ಮಾನ್ಯತೆ ಕಿತ್ತುಕೊಂಡಿತು. ಕೋಚಿಂಗ್ ನಡೆಸುವ ಶಾಲೆ ಒಂದು ಕಡೆ, ಶಾಲೆಯನ್ನೇ ನಡೆಸದ ಶಾಲೆ ಇನ್ನೊಂದು ಕಡೆ. ನಡುವೆ ನಮ್ಮ ಮಕ್ಕಳು ಹದಿನಾಲ್ಕು ಕೆಜಿ ಬ್ಯಾಗು ಹೊತ್ತು ವ್ಯಾನಿನಲ್ಲಿ.

ಓರಿಯೆಂಟೇಶನ್ ದಿನ ನಾನೂರು ಜನ ಪೋಷಕರು ಸಭಾಂಗಣದಲ್ಲಿ ತುಂಬಿದ್ದೆವು. ವೇದಿಕೆಯ ಮೇಲೆ ಟೈ ಕಟ್ಟಿದ ಯುವಕನೊಬ್ಬ, ಪಾಪ, ಪ್ರಾಮಾಣಿಕನೇ ಇರಬೇಕು, ಲೆಕ್ಕವನ್ನು ಪರದೆಯ ಮೇಲೆ ಹಾಕಿದ. ದೇಶದಲ್ಲಿ ಐಐಟಿಗಳು 23. 2024ರಲ್ಲಿ ಅಲ್ಲಿದ್ದ ಸೀಟು 17,740. ಆ ವರ್ಷ ಅಲ್ಲಿಗೆ ಸೇರಲು ಮೊದಲು ಬರೆಯಬೇಕಾದ ಜೆಇಇ ಮೇನ್ ಪರೀಕ್ಷೆ ಬರೆದವರು 14 ಲಕ್ಷಕ್ಕೂ ಹೆಚ್ಚು. ಅಂದರೆ ಹೆಚ್ಚುಕಡಿಮೆ ಎಂಬತ್ತು ಮಕ್ಕಳಲ್ಲಿ ಒಬ್ಬರು. "ಈ ಹಾಲ್‌ನಲ್ಲಿರುವವರ ಪೈಕಿ ಐದು ಮಕ್ಕಳು" ಎಂದ. ಒಂದು ಕ್ಷಣ ಮೌನ. ಆಮೇಲೆ ನಾನೂರು ಜನವೂ ಅಕ್ಕಪಕ್ಕದವರ ಕಡೆ ತಿರುಗಿ ಅಯ್ಯೋ ಪಾಪ ಎನ್ನುವಂತೆ ನೋಡಿದರು. ನಾನೂ ನೋಡಿದೆ. ನನ್ನ ಎಡಕ್ಕೆ ಕೂತಿದ್ದ ಬ್ಯಾಂಕಿನವರ ಮಗನ ಬಗ್ಗೆ ನನಗೆ ನಿಜವಾಗಿ ಬೇಸರವಾಯಿತು.

ಶಾಲೆ ಶುರುವಾದ ಮೇಲೆ ಮನೆಗೆ ಮಾಡ್ಯೂಲುಗಳು ಬಂದವು. ಪುಸ್ತಕ ಅನ್ನಬಾರದಂತೆ, ಮಾಡ್ಯೂಲ್. ಒಂದೊಂದು ವಿಷಯಕ್ಕೆ ನಾಲ್ಕು. ಪಿ.ಟಿ. ಪೀರಿಯಡ್ಡು ರೀಸನಿಂಗಿಗೆ ಹೋಯಿತು. ಪಿ.ಟಿ. ಮೇಷ್ಟ್ರು ಎಲ್ಲಿಗೆ ಹೋಗಬೇಕು? ಅವರನ್ನು ಓಎಂಆರ್ ಅಭ್ಯಾಸಕ್ಕೆ ಹಾಕಿದರು. ಗುಂಡು ವೃತ್ತದೊಳಗೆ ಕಪ್ಪು ಪೆನ್ನಿನಲ್ಲಿ ಗೆರೆ ದಾಟದಂತೆ ತುಂಬುವುದು ಈಗ ಅವರು ಹೇಳಿಕೊಡುವ ಆಟ. ಟೈಮ್ ಮುಗಿದಾಗ ಸೀಟಿ ಊದುತ್ತಾರೆ. ಯುಕೆಜಿಯಲ್ಲಿ ಬಣ್ಣ ತುಂಬುವಾಗ ಗೆರೆ ದಾಟಬೇಡ ಅಂದದ್ದು ವ್ಯರ್ಥವಾಗಲಿಲ್ಲ ಎಂದು ನನ್ನಾಕೆಗೆ ಸಮಾಧಾನ.

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯೂ ಬಂತು. ಜೆಇಇಯ ಹಾಗೇ, ಸರಿಯಿದ್ದರೆ ನಾಲ್ಕು, ತಪ್ಪಿದರೆ ಮೈನಸ್ ಒಂದು. ಅಲ್ಲಿಂದ ಮಗಳು ಮನೆಯಲ್ಲೂ ಹುಷಾರಾದಳು. "ಹೋಮ್‌ವರ್ಕ್ ಆಯ್ತೇನೆ?" ಅಂದರೆ ಉತ್ತರವಿಲ್ಲ. ಎರಡು ಸಲ ಕೇಳಿದ ಮೇಲೆ, "ಗೊತ್ತಿಲ್ಲದ್ದನ್ನ ಬಿಟ್ಟುಬಿಡಬೇಕು ಅಪ್ಪ, ಅಟೆಂಪ್ಟ್ ಮಾಡಬಾರದು" ಅಂದಳು.

ನಾವು ಚಿಕ್ಕವರಿದ್ದಾಗ ಮನೆಗೆ ನೆಂಟರು ಬಂದರೆ ದೇವರನಾಮ ಹಾಡಿಸುತ್ತಿದ್ದರು. ಈಗ ಅವಗಾಡ್ರೋ ಸಂಖ್ಯೆ. ಮೊನ್ನೆ ಭಾವ ಬಂದಾಗ ಮಗಳು ಕೈಕಟ್ಟಿ ನಿಂತು ಒಂದೇ ಉಸಿರಿನಲ್ಲಿ "ಸಿಕ್ಸ್ ಪಾಯಿಂಟ್ ಜೀರೋ ಟೂ ಟೂ ಇಂಟು ಟೆನ್ ಟು ದಿ ಪವರ್ ಟ್ವೆಂಟಿ ತ್ರೀ" ಅಂದಳು. ಭಾವ ಚಪ್ಪಾಳೆ ತಟ್ಟಿದ. "ಏನಮ್ಮಾ ಅದು?"

"ಒಂದು ಮೋಲ್, ಮಾವ."

"ಮೋಲ್ ಅಂದ್ರೆ?"

"ಅದನ್ನ ಕೇಳಲ್ಲ."

ಭಾವ ಹಳೇ ಕಾಲದವನು, ಬಿಡಲಿಲ್ಲ. "ಸರಿ, ಅರ್ಧಕ್ಕೆ ಮೂರನೇ ಒಂದು ಕೂಡಿಸಿದ್ರೆ ಎಷ್ಟು?" ಮಗಳು ಒಂದು ಕ್ಷಣವೂ ತಡಮಾಡದೆ "2/5" ಅಂದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದಾಳೆ. ಭಾವ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಮಗಳೇ ಬಿಡಿಸಿ ಹೇಳಿದಳು: "ಮಾವ, ಫ್ರ್ಯಾಕ್ಷನ್ಸ್ ರೆಗ್ಯುಲರ್‌ನವರಿಗೆ. ನಮ್ಮದು ಅಡ್ವಾನ್ಸ್ಡ್."

ಗೋಡೆಯ ಮೇಲೆ ಅವಳ ಚಿನ್ನದ ಪದಕಗಳು ತೂಗುತ್ತಿವೆ. ಒಂದೇ ವರ್ಷದಲ್ಲಿ ಐದು ಒಲಿಂಪಿಯಾಡ್ ಗೆದ್ದಿದ್ದಾಳೆ, ಅದರಲ್ಲೊಂದು ಜನರಲ್ ನಾಲೆಜ್ ಒಲಿಂಪಿಯಾಡ್. ಫೀಸು ಕಟ್ಟಿದವರಲ್ಲಿ ಸೋತವರನ್ನು ನಾನಿನ್ನೂ ನೋಡಿಲ್ಲ. ಅಸಲಿ ಗಣಿತ ಒಲಿಂಪಿಯಾಡ್ ಬೇರೆಯೇ ಇದೆ. 1959ರಲ್ಲಿ ರುಮೇನಿಯಾದಲ್ಲಿ ಶುರುವಾದದ್ದು. ಭಾರತ 1989ರಿಂದ ಹೋಗುತ್ತಿದೆ, ಇಡೀ ದೇಶದಿಂದ ವರ್ಷಕ್ಕೆ ಆರು ಮಕ್ಕಳು. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಅದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಆರೇ ಆರು! ನಮ್ಮ ವ್ಯಾನಿನಲ್ಲೇ ಹನ್ನೊಂದು ಜನ ಚಿನ್ನದ ಪದಕದವರಿದ್ದಾರೆ. ಮಳೆಗಾಲದಲ್ಲಿ ಪದಕಗಳ ಅಂಚು ಸ್ವಲ್ಪ ಹಸಿರಾಗುತ್ತದೆ, ಅಷ್ಟೇ.

ಎನ್‌ಟಿಎಸ್‌ಇ ಅಂತ ಒಂದಿತ್ತು, ಹಳಬರಿಗೆ ನೆನಪಿರಬಹುದು. 1963ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರತಿಭಾನ್ವೇಷಣೆ. ಹತ್ತನೇ ಕ್ಲಾಸಿನಲ್ಲಿ ಬರೆದು ಗೆದ್ದರೆ ಪಿಯುಸಿಯಲ್ಲಿ ತಿಂಗಳಿಗೆ 1,250 ರೂಪಾಯಿ ವಿದ್ಯಾರ್ಥಿವೇತನ. 2021ರಿಂದ ಅದು ನಿಂತುಹೋಗಿದೆ. ಪ್ರತಿಭೆ ಹುಡುಕಿ ದುಡ್ಡು ಕೊಡುವ ಪರೀಕ್ಷೆ ನಿಂತಿತು, ದುಡ್ಡು ಇಸಿದುಕೊಂಡು ಪ್ರತಿಭೆ ಕೊಡುವ ಪರೀಕ್ಷೆಗಳಿಗೆ ಮಾತ್ರ ಯಾವ ವಿಘ್ನವೂ ಇಲ್ಲ.

ಇದೆಲ್ಲ ಅರ್ಥವಾಗದೇ ಉಳಿದಿರುವುದು ಅಮ್ಮನಿಗೊಬ್ಬಳಿಗೆ. ಒಂದು ದಿನ ಬತ್ತಿ ಹೊಸೆಯುತ್ತಾ ಕೂತಿದ್ದವಳು ಕೇಳಿದಳು:

"ಮಗು ಆರನೇ ಕ್ಲಾಸಲ್ಲಿ ಏನು ಓದ್ತಿದೆಯೋ?"

"ಹತ್ತನೇ ಕ್ಲಾಸಿಂದು ಅಮ್ಮ."

"ಹತ್ತನೇ ಕ್ಲಾಸಿಗೆ ಬಂದಾಗ?"

"ಪಿಯುಸೀದು."

"ಪಿಯುಸೀಲಿ?"

"ಆಗ ಎಲ್ಲ ರಿವಿಷನ್."

ಅಮ್ಮ ಬತ್ತಿ ಕೆಳಗಿಟ್ಟಳು. "ಮತ್ತೆ ಆರನೇ ಕ್ಲಾಸಿಂದು ಯಾವಾಗ ಓದೋದೋ?"

ಕೌಂಟರಿನ ಮೇಡಂನ ಕೇಳಬೇಕಿತ್ತು, ನನಗೆ ಹೊಳೆದಿರಲಿಲ್ಲ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಆರನೇ ಕ್ಲಾಸಿನ ಮಕ್ಕಳೆಲ್ಲ ಹತ್ತರಲ್ಲಿದ್ದಾರೆ, ಹತ್ತನೆಯವರು ಪಿಯುಸಿಯಲ್ಲಿದ್ದಾರೆ, ನಾಲ್ಕನೆಯವರಿಗೆ ಪ್ರೀ-ಫೌಂಡೇಶನ್ ಅಂತ ಬೇರೆ ಶುರುವಾಗಿ ಅವರು ಏಳಕ್ಕೆ ಜಿಗಿದಿದ್ದಾರೆ. ಆರನೇ ಕ್ಲಾಸಿನ ಬೆಂಚುಗಳ ಮೇಲೆ ಮಕ್ಕಳು ಒತ್ತೊತ್ತಾಗಿ ಕೂತಿದ್ದಾರೆ, ಆದರೆ ಆರನೇ ಕ್ಲಾಸಿನಲ್ಲಿ ಯಾರೂ ಇಲ್ಲ.

ಏಪ್ರಿಲ್‌ನಲ್ಲಿ ಹಳೇ ಪೇಪರ್‌ನವರನ್ನು ಕರೆದೆ. ಮಾಡ್ಯೂಲುಗಳನ್ನೆಲ್ಲ ಹಗ್ಗ ಕಟ್ಟಿ ತೂಗಿದರು, ಇಪ್ಪತ್ತಾರು ಕೆಜಿ. 45,000ದ ಮಾಲಿಗೆ ಮುನ್ನೂರು ರೂಪಾಯಿ ದಾಟಲಿಲ್ಲ. ಕಟ್ಟಿನ ತಳದಲ್ಲಿ ಆರನೇ ಕ್ಲಾಸಿನ ಗಣಿತದ ಪಠ್ಯಪುಸ್ತಕ ಸಿಕ್ಕಿತು, ಹಾಕಿದ ಬೈಂಡು ಹಾಗೇ ಇತ್ತು, ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ಹೊಸದಿದ್ದಂಗೈತಲ್ಲ ಸಾ, ಮುಂದಿನ ವರ್ಷಕ್ಕೆ ಇಟ್ಕಳಿ" ಎಂದು ಪೇಪರ್‌ನವರು ಅದನ್ನು ತಕ್ಕಡಿಯಿಂದ ಇಳಿಸಿ ಜಗಲಿಯ ಮೇಲಿಟ್ಟರು.

ರಜೆ ಇನ್ನೂ ಶುರುವಾಗಿರಲಿಲ್ಲ. ಏಳನೇ ಕ್ಲಾಸಿನ ಬ್ರಿಡ್ಜ್ ಕೋರ್ಸಿನಿಂದ ಮಗಳು ಆಗಷ್ಟೇ ಬಂದಿದ್ದಳು. ಷೂ ಬಿಚ್ಚುತ್ತಾ ಪುಸ್ತಕ ಎತ್ತಿಕೊಂಡಳು, ಬಿಡಿಸಿದ್ದು ಭಿನ್ನರಾಶಿಯ ಪಾಠವೇ. ಒಂದು ರೊಟ್ಟಿಯನ್ನು ಆರು ಸಮಪಾಲು ಮಾಡಿ, ಅರ್ಧಕ್ಕೆ ಮೂರು ಪಾಲು, ಮೂರನೇ ಒಂದಕ್ಕೆ ಎರಡು ಪಾಲು ಬಣ್ಣ ತುಂಬಿದ್ದ ಚಿತ್ರ. ಒಂದು ಕಾಲಿಗೆ ಷೂ, ಒಂದು ಕಾಲಿಗೆ ಬರೀ ಸಾಕ್ಸು, ಹಾಗೇ ಮೆಟ್ಟಿಲ ಮೇಲೆ ಕೂತು ಬೆರಳಿಟ್ಟು ಪಾಲು ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಅಪ್ಪಾ, ಇದು ಯಾವ ಬ್ಯಾಚಿನದು? ತುಂಬಾ ಅಡ್ವಾನ್ಸ್ಡ್ ಇದೆ."